ಬೂದಿಯಲ್ಲಿ ಹಾಕಿದ ಮನೆ

ಹಳೆಯ ಮನೆಯ ಗೋಡೆ ಒಡೆಯುವ ಮೊದಲು ಮನೆಮಂದಿ ಒಡೆಯುತ್ತಾರೆ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು ಮನೆಗಳ ನಕ್ಷೆ ತೆಗೆಯುತ್ತ ಇಪ್ಪತ್ತಾರು ವರ್ಷ ಕಳೆದವನು ನಾನು, ಹಾಗಾಗಿ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಹೊಸ ಮನೆ ಕಟ್ಟುವವರು ನನ್ನ ಹತ್ತಿರ ಕನಸು ತರುತ್ತಾರೆ. ಹಳೆ ಮನೆ ಸರಿ ಮಾಡಿಸುವವರು ಜಗಳ ತರುತ್ತಾರೆ. ಅದೂ ಅರ್ಧ ಆಡಿ ಮುಗಿಸಿದ್ದು, ಉಳಿದರ್ಧ ನನ್ನ ಮುಂದೆ ಆಡಲಿಕ್ಕೆ ಕಾಯ್ದಿಟ್ಟಿದ್ದು. ಇನ್ನು ಮೇಲೆ ಹಳೆ ಮನೆಗಳ ಸಹವಾಸ ಬೇಡ ಎಂದು ಎಷ್ಟೋ ಸಲ ಹೆಂಡತಿಯ ಮುಂದೆ ಆಣೆ ಮಾಡಿದ್ದೇನೆ. ಮತ್ತೊಂದು ಫೋನ್ ಬರುತ್ತದೆ, ಮತ್ತೆ ಟೇಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತೇನೆ, ಮತ್ತೆ ಏನಾದರೊಂದು ಆಗಿಯೇ ಆಗುತ್ತದೆ. ಹತ್ತಿರದ ವಳಸಂಗ ಎಂಬ ಊರಿನ ಒಂದೇ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ಉಳಿದ ಮನೆಗಳನ್ನು ನೀವೇ ಊಹಿಸಿಕೊಳ್ಳಿ.

ಆ ಮನೆಯಲ್ಲಿ ಏಳು ಜನ. ಅಣ್ಣ ಹೊಲ ನೋಡುತ್ತಾನೆ, ಅವನೇ ಯಜಮಾನ. ತಮ್ಮ ಸೊಲ್ಲಾಪುರದ ಒಂದು ಆಫೀಸಿನಲ್ಲಿ ಕ್ಲಾರ್ಕ್, ದಿನಾ ಮೋಟಾರ್‌ಸೈಕಲ್ ಮೇಲೆ ಹೋಗಿ ಬರುತ್ತಾನೆ. ಇಬ್ಬರ ಹೆಂಡಂದಿರು, ಅಂದರೆ ಮನೆಯ ಹಿರಿಯ ಸೊಸೆ ಮತ್ತು ಕಿರಿಯ ಸೊಸೆ. ಕಾಲೇಜಿಗೆ ಹೋಗುವ ಅಣ್ಣನ ಮಗ, ತಮ್ಮನ ಮಗಳು. ಏಳನೆಯವರು ಈ ಅಣ್ಣ-ತಮ್ಮರ ತಂದೆಯ ತಂಗಿ. ಮರಾಠಿ ರೂಢಿಯಂತೆ ಮನೆಮಂದಿಗೆಲ್ಲ ಅವರು ‘ಆತ್ಯಾ’, ಹೀಗಾಗಿ ನನಗೂ ಆತ್ಯಾ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಲವತ್ತು ವರ್ಷದಿಂದ ಆ ಮನೆಯ ಒಲೆ, ಎಮ್ಮೆ, ಮಕ್ಕಳು ಎಲ್ಲ ಅವರ ಕೈಯಲ್ಲೇ ನಡೆದಿವೆ. ಈಗಿನ ಯಜಮಾನನ ಮೂಗು ಒರೆಸಿ ಸಾಲೆಗೆ ಕಳಿಸಿದವರೂ ಅವರೇ.

೧. ಟೇಪಿನ ಅಳತೆ, ಎಲೆಯ ಅಳತೆ

ಮೊದಲ ದಿನ ನಾನು ಪಡಸಾಲೆಯಲ್ಲಿ ಟೇಪು ಬಿಚ್ಚಿದ ಕೂಡಲೇ ಅಣ್ಣ ಕೈ ಅಡ್ಡ ಹಿಡಿದ. "ಟೇಪ್ ಯಾಕ್ರಿ ಸಾಹೇಬ್ರ? ಹನ್ನೆರಡು ಅಂಕಣದ ಮನಿ. ಬರಕೋರಿ, ಮುಗೀತು."

ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತಾರೆ. ನೆತ್ತಿಗೆ ಮಣ್ಣಿನ ಮಾಳಿಗೆ ಹೊದಿಸಿದ ಹಳೆಯ ಮನೆಗಳನ್ನೆಲ್ಲ ಹೀಗೆಯೇ ಎಣಿಸುತ್ತಾರೆ. ಆದರೆ ಕಂಬ ನಿಲ್ಲಿಸಿದ ಮುತ್ತಜ್ಜ ಟೇಪು ನೋಡಿದವನಲ್ಲ. ಒಂದು ಅಂಕಣ ಆರು ಫೂಟು ಇದ್ದರೆ ಪಕ್ಕದ್ದು ಎಂಟು, ಅದರಾಚೆಯದು ಏಳೂ ಕಾಲು. ಇದನ್ನು ತೋರಿಸಿದರೆ ಅಣ್ಣನಿಗೆ ಸಿಟ್ಟು ಬಂತು. "ಹಂಗಂದ್ರ ನಮ್ಮ ಮುತ್ತ್ಯಾ ತಪ್ಪು ಕಟ್ಯಾನಂತೀರಿ?"

ನಾನು ತೊದಲುತ್ತಿದ್ದಾಗ ಆತ್ಯಾ ಚಹಾ ತಂದರು. "ಜಗಳ ಯಾಕ್ರಿ? ನನ್ನ ಕೇಳ್ರಿ. ಪಡಸಾಲಿ ಹದಿನೆಂಟು ಎಲಿ. ನಡುಮನಿ ಏಳು ಹಾಸಿಗಿ. ಅಡಗಿಮನಿ ಮೂರು ಮಂದಿ ಹೆಣ್ಮಕ್ಕಳು, ಆದ್ರ ಮೂವರದೂ ಮಾತು ಬರೋಬ್ಬರ ಇದ್ರ ಅಷ್ಟ."

ನನಗೆ ನಗು ಬಂತು. ಊಟದ ಎಲೆಯಲ್ಲಿ ಖೋಲಿ ಅಳೆದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೂ ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿದೆ. ಒಬ್ಬೊಬ್ಬರಿಗೆ ಎರಡು ಫೂಟು ಹಿಡಿದು, ಬಡಿಸುವವರಿಗೆ ನಡುವೆ ದಾರಿ ಬಿಟ್ಟು, ಗೋಡೆಗುಂಟ ಎರಡು ಸಾಲು ಕೂಡಿಸಿದೆ. ಸರಿಯಾಗಿ ಹದಿನೆಂಟೇ ಬಂತು! ಅವರ ಹತ್ತಿರ ಡಿಪ್ಲೊಮಾ ಇರಲಿಲ್ಲ, ಅಷ್ಟೇ. ಸೋಲೊಪ್ಪಿಕೊಂಡು "ನಿಮ್ಮ ಅಳತಿ ಬರೋಬ್ಬರ ಅದ ಆತ್ಯಾ, ಹದಿನೆಂಟಽ" ಎಂದೆ.

"ಮನಿ ಮಂದಿ ಇದ್ರ ಹದಿನೆಂಟು ರಿ," ಎಂದರು ಅವರು. "ಬೀಗರು ಬಂದ್ರ ಹದಿನಾರಽ. ಅವರು ಜರಾ ಅಗಲಾಗಿ ಕುಂಡ್ರತಾರ."

೨. ಎಮ್ಮೆಯ ಕಿಟಕಿ

ಹಳೆ ಮನೆಯವರು ಎಲ್ಲರೂ ಕೂಡಿ ಕೂತಾಗ ಏನನ್ನೂ ಕೇಳುವುದಿಲ್ಲ. "ನಮ್ಮದೇನಿಲ್ರಿ, ಎಲ್ಲಾರ್ಗೂ ಅನುಕೂಲ ಆದ್ರ ಸಾಕು" ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಂದು ನನ್ನ ಕಿವಿ ಕಚ್ಚುತ್ತಾರೆ.

ಅಣ್ಣನಿಗೆ ನಾಲ್ಕು ಜನ ಬಂದರೆ ಎದೆಯೆತ್ತಿ ಕೂರುವಂಥ ದೊಡ್ಡ ಹಾಲ್ ಬೇಕಿತ್ತು. ತಮ್ಮನಿಗೆ ಮಲಗುವ ಖೋಲಿಗೇ ಹತ್ತಿದ ಪಾಯಖಾನೆ ಬೇಕಿತ್ತು, ಆಫೀಸಿನ ಸಾಹೇಬರ ಮನೆಯಲ್ಲಿ ನೋಡಿ ಬಂದಿದ್ದ. ಅಣ್ಣನಿಗೆ ಅದು ಗೊತ್ತಾಗಿ, "ಮಲಗೂ ಜಾಗಾದಾಗ ಅದನ್ನ ಯಾವ ಶಾಣ್ಯಾ ಕಟ್ಯಾನೊ? ನಮ್ಮಪ್ಪ ಅದಕ್ಕಂತ ಅರ್ಧಾ ಮೈಲ್ ಹೋಗ್ತಿದ್ದ!" ಎಂದು ಕೂಗಾಡಿದ. ಹಿರಿಯ ಸೊಸೆಗೆ ಒಲೆಯ ಮುಂದೆ ನಿಂತರೆ ಓಣಿಯೆಲ್ಲ ಕಾಣಬೇಕು, ಓಣಿಗೆ ತಾನು ಕಾಣಬಾರದು. ಕಿರಿಯ ಸೊಸೆಗೆ ಓಣಿಯ ಗೊಡವೆ ಇರಲಿಲ್ಲ, ಹಿರಿಯ ಸೊಸೆಗೆ ಕಾಣದಿದ್ದರೆ ಸಾಕಿತ್ತು. ಹುಡುಗನಿಗೆ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು, ಹುಡುಗಿಗೆ ಅದೇ ಚಿಲಕ, ಅದರ ಮೇಲೊಂದು ಕನ್ನಡಿ. ಮೋಟಾರ್‌ಸೈಕಲ್ಲಿಗೆ ನೆರಳು ಬೇಕು. ನಂದೇಶ್ವರ ಊರಿಗೆ ಕೊಟ್ಟ ಅಣ್ಣನ ದೊಡ್ಡ ಮಗಳ ಅತ್ತೆ-ಮಾವ ಬಂದರೆ ಇಳಿದುಕೊಳ್ಳಲು ಬೀಗರ ಖೋಲಿ ಬೇಕು.

ಎಲ್ಲ ಬರೆದುಕೊಂಡ ಮೇಲೆ ಎಣಿಸಿದೆ. ಒಬ್ಬರು ಕಮ್ಮಿ. "ಮತ್ತ ಆತ್ಯಾ?" ಎಂದೆ.

ಪಡಸಾಲೆಯಲ್ಲಿ ಯಾರಿಗೂ ಆ ಪ್ರಶ್ನೆ ತಿಳಿಯಲಿಲ್ಲ. ಅಣ್ಣ ನನ್ನ ಮುಖ ನೋಡಿ, "ಆಕೀದೇನ್ರಿ, ಆಕಿ ಎಲ್ಲೆರ ಬೀಳ್ತಾಳ," ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದನ್ನೂ ಹೇಳಬೇಕು. ಬಿಸಿಲು ಎಲ್ಲಿ ಬೀಳುತ್ತದೆ ಎಂದು ಯಾರೂ ಗೊತ್ತು ಮಾಡುವುದಿಲ್ಲವಲ್ಲ, ಹಾಗೆ ಅಂದ. ನಲವತ್ತು ವರ್ಷ ಆತ್ಯಾ ನಡುಮನೆಯಲ್ಲಿ ಜೋಳದ ಚೀಲಗಳ ಮಗ್ಗುಲಿಗೆ ಕೌದಿ ಹಾಸಿಕೊಂಡು ಮಲಗಿದವರು. ಚೀಲ ಹೆಚ್ಚಾದ ವರ್ಷ ಕೌದಿ ಮಡಚಿಕೊಂಡು ಅಡಿಗೆಮನೆಗೆ ಹೋಗುತ್ತಿದ್ದರು.

ನನಗೆ ಬಹಳ ಕೆಡುಕೆನಿಸಿತು. ಆದರೆ ಪರರ ಮನೆಯಲ್ಲಿ ಟೇಪು ಹಿಡಿದವನು ಎಷ್ಟು ಮಾತಾಡಬಹುದು? ಸುಮ್ಮನೆ ಮೊದಲ ನಕ್ಷೆ ತೆಗೆದುಕೊಂಡು ಹೋದೆ. ಎಲ್ಲರಿಗೂ ಬೆರಳಿಟ್ಟು ತೋರಿಸಿದೆ, ಇದು ಹಾಲ್, ಇದು ಖೋಲಿ, ಇದು ಮೋಟಾರ್‌ಸೈಕಲ್ಲು, ಇದು ಎಮ್ಮೆಯ ಕೊಟ್ಟಿಗೆ. ಆತ್ಯಾ ಬಾಗಿ ಕೊಟ್ಟಿಗೆಯ ಗೋಡೆಯ ಮೇಲಿನ ಎರಡು ಗೆರೆಗಳನ್ನು ಮುಟ್ಟಿ, "ಇದೇನ್ರಿ?" ಎಂದು ಕೇಳಿದರು. "ಕಿಟಕಿ" ಎಂದೆ.

"ಚಲೋ ಮಾಡಿದ್ರಿ," ಎಂದರು. "ಎಮ್ಮಿಗೆ ಶೆಕಿ ಭಾಳ ರಿ. ಪಾಪ, ಅದಕ್ಕ ಬಾಯಿ ಬಿಟ್ಟು ಕೇಳಾಕ ಬರೂದಿಲ್ಲ."

೩. ಹೋಗುವವರ ಮೂಲೆ

ಎರಡನೇ ನಕ್ಷೆಗೆ ವಾಸ್ತು ನೋಡುವವರು ಬಂದರು. ಅಕ್ಕಲಕೋಟದವರು, ಹಣೆಯ ತುಂಬ ಗಂಧ, ಕೈಯಲ್ಲಿ ದಿಕ್ಸೂಚಿ. ಅದು ಮೊಬೈಲಿನ ಒಳಗಿತ್ತು, ಹಾಗಾಗಿ ನಡುನಡುವೆ ಯಾರದೋ ಫೋನ್ ಬಂದರೆ ಉತ್ತರ ದಿಕ್ಕೇ ಮಾಯವಾಗುತ್ತಿತ್ತು.

ನಾನು ಒಂದು ಉಪಾಯ ಮಾಡಿದ್ದೆ. ಅವರನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ಚಹಾ ಕುಡಿಸಿ, "ಮನ್ಯಾಗ ಒಬ್ರು ಹಿರೇರು ಅದಾರ, ಅವರಿಗೊಂದು ಮೂಲಿ ಹೇಳ್ರಿ, ನೀವಂದ್ರ ಕೇಳ್ತಾರ," ಎಂದು ವಿನಂತಿಸಿಕೊಂಡೆ. "ಪುಣ್ಯದ ಕೆಲಸ, ಹೇಳ್ತೀನಿ" ಎಂದು ಅವರು ಎರಡನೆಯ ಚಹಾ ಕೂಡ ಕುಡಿದರು.

ಮನೆಯಲ್ಲಿ ಒಂದೊಂದೇ ಮೂಲೆ ಹಂಚುತ್ತ ಬಂದರು. ಈಶಾನ್ಯ ದೇವರಿಗೆ, ಆಗ್ನೇಯ ಒಲೆಗೆ. ವಾಯವ್ಯದ ಮೂಲೆಗೆ ಬಂದಾಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, "ಇಲ್ಲಿ ನಿಮ್ಮ ಆತ್ಯಾನ ಹಾಕ್ರಿ," ಎಂದರು. ನನಗೆ ಆನಂದವಾಯಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಜ್ಞಾನ ಇದ್ದವರಿಗೆ ಬಾಯಿ ನಿಲ್ಲುವುದಿಲ್ಲ. "ವಾಯವ್ಯ ಅಂದ್ರ ಗಾಳಿ. ಯಾರ್‍ಯಾರು ಮನಿ ಬಿಟ್ಟು ಹೋಗ್ತಾರ ಅವರೆಲ್ಲ ಅಲ್ಲಿ. ಲಗ್ನದ ಹುಡಿಗ್ಯಾರು, ನಾಕು ದಿನಕ್ಕ ಬಂದ ಪಾವಣ್ಯಾರು, ಗಾಡಿ-ಘೋಡಾ."

ಆತ್ಯಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. "ಬಂದು ನಲವತ್ತು ವರ್ಷ ಆತ್ರಿ. ಇನ್ನ ಎಲ್ಲಿಗಿ ಹೋಗ್ಲಿ? ಹೋಗೂದಿಲ್ಲ ಅನ್ನೂ ಮಂದಿಗೆ ಯಾವ ಮೂಲಿ?"

"ನೈರುತ್ಯ. ಅದು ಅಲುಗಾಡಾಂಗಿಲ್ಲ. ಅದು ಯಜಮಾನಂದು."

"ಹಂಗಂದ್ರ ನಂದಽ ಆತಲ್ಲ," ಎಂದರು ಆತ್ಯಾ.

ಎಲ್ಲರೂ ನಕ್ಕರು. ಅಣ್ಣನಂತೂ ಕೆಮ್ಮು ಬರುವತನಕ ನಕ್ಕ. ಆತ್ಯಾ ಕೂಡ ನಕ್ಕರು, ಆದರೆ ಅಂದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ವಾಯವ್ಯದ ಮೂಲೆ ಕೊನೆಗೆ ಮೋಟಾರ್‌ಸೈಕಲ್ಲಿಗೆ ಹೋಯಿತು. ಅದು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತದೆ, ಶಾಸ್ತ್ರಕ್ಕೆ ಅದಕ್ಕಿಂತ ಸರಿಹೊಂದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

೪. ಬಾಗಿಲಿಂದ ಬಾ

ಐದು ನಕ್ಷೆಗಳಾದವು. ಯಾರಿಗೂ ಕಾಗದ ತಿಳಿಯುತ್ತಿರಲಿಲ್ಲ, ತಿಳಿದಂತೆ ತಲೆ ಮಾತ್ರ ಹಾಕುತ್ತಿದ್ದರು. ಅಣ್ಣ ಒಂದು ದಿನ ಅರ್ಧ ತಾಸು ನಕ್ಷೆಯನ್ನು ದಿಟ್ಟಿಸಿ, "ಎಲ್ಲ ಮಸ್ತ್ ಅದ. ಖರೆ ಇದರಾಗ ಮಾಳಿಗಿ ಎಲ್ಲಿ ಕಾಣವಲ್ದಲ್ಲ?" ಎಂದ. ಮೇಲಿನಿಂದ ಇಣುಕಿದಂತೆ ಬರೆದದ್ದು, ಮಾಳಿಗೆ ತೆಗೆದು ನೋಡಬೇಕು ಎಂದೆ. "ಮಾಳಿಗಿ ತೆಗದು ಮನಿ ಯಾಂವ ನೋಡ್ತಾನ್ರಿ?" ಎಂದ. ನಾನು ಕಾಗದ ಸುತ್ತಿಟ್ಟೆ.

ಆಗ ಆತ್ಯಾ ಅಂದರು, "ಕಾಗದದಾಗ ಮನಿ ತಿಳ್ಯಾಂಗಿಲ್ರಿ. ನೆಲದಾಗ ಹಾಕ್ರಿ. ನಾಕು ಹೆಜ್ಜಿ ಅಡ್ಡಾಡಿದ್ರ ಎಲ್ಲಾರಿಗೂ ತಿಳೀತದ."

ಮನೆಯ ಮುಂದೆ ಅವರದೇ ಬಯಲು, ಒಂದು ಕಾಲಕ್ಕೆ ಅಲ್ಲಿ ಜೋಳದ ರಾಶಿ ಮಾಡುತ್ತಿದ್ದರಂತೆ. ಆತ್ಯಾ ಒಲೆಯ ಬೂದಿಯನ್ನು ಬುಟ್ಟಿಗಟ್ಟಲೆ ತಂದು ಜರಡಿಯಲ್ಲಿ ಹಾಕಿಕೊಂಡರು. ನಾನು ಟೇಪು ಹಿಡಿದು ಹೇಳುತ್ತ ಹೋದೆ, ಅವರು ಜರಡಿ ಅಲುಗಿಸುತ್ತ ಗೆರೆ ಎಳೆಯುತ್ತ ಬಂದರು. ಹಗ್ಗ ಇಲ್ಲ, ಗೂಟ ಇಲ್ಲ. ರಂಗೋಲಿ ಹಾಕಿದ ಕೈ, ಒಂದು ಗೆರೆಯೂ ಸೊಟ್ಟಾಗಲಿಲ್ಲ. ಎರಡು ತಾಸಿನಲ್ಲಿ ನಿಜವಾದ ಅಳತೆಯ ಮನೆ ಬಯಲಲ್ಲಿ ಮಲಗಿತ್ತು.

ರಸ್ತೆಯ ಕಡೆಗೆ ಸ್ವಲ್ಪ ಜಾಗ ಉಳಿದಿತ್ತು. ಕಾಗದದ ಮೇಲೆ ಬಾರದ ಧೈರ್ಯ ಬೂದಿಯ ಮೇಲೆ ಬಂತು. "ಇಲ್ಲೊಂದು ಹತ್ತು ಬೈ ಒಂಬತ್ತು ಹಾಕ್ರಿ. ಇದು ಆತ್ಯಾನ ಖೋಲಿ," ಎಂದೆ ಗಟ್ಟಿಯಾಗಿ, ಕೈಯಲ್ಲಿದ್ದ ನಕ್ಷೆಯಲ್ಲೂ ಪೆನ್ಸಿಲಿನಿಂದ ಗೀಚಿಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಬೂದಿ ತಾನೆ, ಯಾರ ಗಂಟೇನು ಹೋಗಬೇಕು? ಆತ್ಯಾನ ಜರಡಿ ಮಾತ್ರ ಅರೆ ಗಳಿಗೆ ನಿಂತಿತು. ಆಮೇಲೆ ಅವರು ಉಳಿದೆಲ್ಲ ಗೆರೆಗಳಿಗಿಂತ ನಿಧಾನವಾಗಿ ಆ ನಾಲ್ಕು ಗೆರೆ ಎಳೆದರು.

ಆ ಮಧ್ಯಾಹ್ನ ಏಳೂ ಜನ ಆ ಮನೆಯಲ್ಲಿ ಸಂಸಾರ ಮಾಡಿ ನೋಡಿದರು. ಅಣ್ಣ ತನ್ನ ಖೋಲಿಯಲ್ಲಿ ಹೊರಸು ಹಾಕಿಸಿಕೊಂಡು ಅಡ್ಡಾದ. ತಮ್ಮ ಕೂಗಿದರೆ ಕೇಳುವ ದೂರದಿಂದ ನೆಟ್ಟಗೆ ನಡೆದು ಬಂದ. "ಏ, ಗ್ವಾಡಿ ದಾಟಿ ಬಂದಿ!" ಎಂದು ಅಣ್ಣ ಗದರಿದ. "ನೀ ನನ್ನ ಖೋಲ್ಯಾಗ ಕಾಲ ಚಾಚಿ, ಅದನ್ನ ನೋಡು ಮೊದ್ಲ," ಎಂದು ತಮ್ಮ. ಸೊಸೆಯಂದಿರು ಎರಡು ಮಾರು ಅಂತರದಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು, ನಡುವೆ ಗೋಡೆ ಇರುವ ಸಮಾಧಾನದಲ್ಲಿ ಒಬ್ಬರ ಬಗ್ಗೆ ಒಬ್ಬರು ಗಟ್ಟಿಯಾಗಿ ಮಾತಾಡಿಕೊಂಡರು. ತಮ್ಮ ತನ್ನ ಪಾಯಖಾನೆಯ ಜಾಗದಲ್ಲಿ ನಿಂತು ಅಳತೆ ಸಾಕೇ ಎಂದು ಕುಕ್ಕರುಗಾಲಲ್ಲಿ ಕೂತು ನೋಡಿದಾಗ, ಅಣ್ಣ ಮರ್ಯಾದೆಯಿಂದ ಮುಖ ಆ ಕಡೆ ಮಾಡಿದ. ಸಂಜೆಯ ಹೊತ್ತಿಗೆ ಗೋಡೆಗಳ ನೆನಪು ಯಾರಿಗೂ ಉಳಿಯಲಿಲ್ಲ, ಎಲ್ಲರೂ ಎಲ್ಲರ ಖೋಲಿಗಳನ್ನು ತುಳಿದಾಡಿ ಬಿಟ್ಟರು.

ಆತ್ಯಾ ಮಾತ್ರ ತಮ್ಮ ಟ್ರಂಕು ತಂದು ಮೂಲೆಗಿಟ್ಟು, ಕೌದಿ ಹಾಸಿ, ಬಾಗಿಲ ಮಗ್ಗುಲಿಗೆ ಕೂತಿದ್ದರು. ಅಣ್ಣ ಅಡಕೆ ಕೇಳಲು ಗೆರೆ ದಾಟಿ ಕಾಲಿಟ್ಟ.

"ಬಾಗಲದಿಂದ ಬಾ."

"ಆಂ?"

"ಗ್ವಾಡ್ಯಾಗ ಹಾಯ್ದು ಬರ್ತಾರೇನು? ಹಿಂದಕ ಹೋಗು. ಬಾಗಲದಿಂದ ಬಾ. ಚಪ್ಪಲಿ ಹೊರಗ."

ಪಂಚಾಯ್ತಿಯಲ್ಲಿ ಕೂತರೆ ಊರನ್ನೇ ನಡುಗಿಸುವ ಯಜಮಾನ ಹಿಂದಕ್ಕೆ ಹೋದ, ಸುತ್ತು ಹಾಕಿದ, ಚಪ್ಪಲಿ ಬಿಟ್ಟ, ಎರಡೂವರೆ ಫೂಟಿನ ಬೂದಿ ಇಲ್ಲದ ಜಾಗದಿಂದ ಒಳಗೆ ಬಂದು ಅಡಕೆ ಇಸಿದುಕೊಂಡ. ಹೋಗುವಾಗ ಮೇಲಿನ ಚೌಕಟ್ಟು ತಾಗೀತೆಂದು ತಲೆ ಕೂಡ ಬಗ್ಗಿಸಿದ.

೫. ನಂದೇಶ್ವರದ ಟಪಾಲು

ಗೆರೆ ಹಾಕಿ ಮುಗಿದ ಕೂಡಲೇ ಹುಡುಗಿ ಪಕ್ಕದ ಮಾಳಿಗೆ ಹತ್ತಿ ಬೂದಿ ಮನೆಯ ಫೋಟೋ ತೆಗೆದಿದ್ದಳು. ಸಂಜೆ ತಮ್ಮ ಅದರ ಮೇಲೆ ಖೋಲಿಗಳ ಹೆಸರು ಬರೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿ ನೂರು ಚಿಲ್ಲರೆ ಜನ. ನಲವತ್ತು ಮಂದಿ ಕೈ ಮುಗಿದರು, ಒಬ್ಬರು ಹುಟ್ಟುಹಬ್ಬದ ಶುಭಾಶಯ ಕಳಿಸಿದರು, ಇನ್ನೊಬ್ಬರು ಪ್ಲಾಟು ಮಾರುವುದಿದೆಯೇ ಎಂದು ಕೇಳಿದರು.

ಅರ್ಧ ತಾಸಿಗೆ ನಂದೇಶ್ವರದ ಬೀಗರಿಂದ ಧ್ವನಿ ಸಂದೇಶ ಬಂತು, ಎಲ್ಲರಿಗೂ ಕೇಳುವಂತೆ. "ಫೋಟೊ ನೋಡಿದ್ವಿ, ಭಾಳ ಛಂದ ಆಗ್ಯಾದ. ಒಂದಽ ಅಡಚಣಿ. ಬೀಗರ ಖೋಲಿಗಿಂತ ಎಮ್ಮೀದು ದೊಡ್ಡದು ಕಾಣಾಕತ್ತದ. ಇರ್ಲಿ, ನಾವೇನ್ ಎಮ್ಮಿ ಹಂಗ ಹಾಲ ಕೊಡ್ತೀವೇನು? ಆರಾಮ್ ಕಟ್ರಿ."

ಅಣ್ಣನ ಮನೆಯಲ್ಲಿ ಆ ಹೊತ್ತು ಒಲೆ ಹತ್ತಲಿಲ್ಲ. ಮಗಳನ್ನು ಕೊಟ್ಟ ಮನೆ, ಮಾತು ಬೆಳೆದರೆ ಅವಳಿಗೇ ಕಷ್ಟ. ಎಮ್ಮೆಯ ಜಾಗ ಕಮ್ಮಿ ಮಾಡಿದರೆ ಎಮ್ಮೆ ಹೊರಳುವುದಿಲ್ಲ. ತನ್ನ ಹಾಲ್ ಕಮ್ಮಿ ಮಾಡಲು ಅಣ್ಣ ಸಿದ್ಧನಿಲ್ಲ. ಕೊನೆಗೆ ಹಿರಿಯ ಸೊಸೆ ಬೂದಿ ಮನೆಯ ಕಡೆ ಬೆರಳು ತೋರಿಸಿ ಅಂದಳು, "ಆತ್ಯಾನ ಖೋಲಿ ಜಾಗಾ ಬೀಗರ ಕಡಿ ಹಾಕ್ರಲ್ಲ. ಆತ್ಯಾಗ ಹಾಲ್‌ನಾಗ ಒಂದು ದೀವಾನ್ ಹಾಕಿದ್ರ ಆತು. ಚಾಲತೈ ನಾ ಆತ್ಯಾ?"

ಆತ್ಯಾ "ಚಾಲತೈ" ಎಂದರು. ನಡೆಯುತ್ತದೆ. ನಲವತ್ತು ವರ್ಷದಿಂದ ಅವರು ಹೇಳುತ್ತ ಬಂದ ಮಾತು ಅದೊಂದೇ ಇರಬೇಕು. ಎದ್ದು ಬಯಲಿಗೆ ಹೋಗಿ ಕೌದಿ ಮಡಚಿದರು, ಟ್ರಂಕು ಎತ್ತಿಕೊಂಡರು, ಬಾಗಿಲ ಜಾಗದಿಂದಲೇ ಹೊರಗೆ ಬಂದರು.

ನಾನು ಬಸ್ಸಿನಲ್ಲಿ ಕೂತು ಸೊಲ್ಲಾಪುರದ ತನಕ ನನ್ನನ್ನು ನಾನೇ ಬೈದುಕೊಂಡೆ. ಇಲ್ಲದ ಆಸೆ ಹುಟ್ಟಿಸಿದವನು ನಾನೇ, ಮರುದಿನ ಅದನ್ನು ರಬ್ಬರಿನಿಂದ ಅಳಿಸುವವನೂ ನಾನೇ. ಅಳಿಸಿದೆ. ಆರನೇ ನಕ್ಷೆಯಲ್ಲಿ ಬೀಗರ ಖೋಲಿ ಎಷ್ಟು ದೊಡ್ಡದಾಯಿತೆಂದರೆ, ಬೀಗರು ತಮ್ಮ ಎಮ್ಮೆಯನ್ನೂ ಕರೆತರಬಹುದಿತ್ತು.

೬. ಕಾಯಿ ಒಡೆದ ಬುನಾದಿ

ಮೂರನೇ ದಿನಕ್ಕೆ ಕೆಲಸ ಸುರು. ಬಯಲಿನ ಗೆರೆ ಬರೀ ನೋಡಲಿಕ್ಕೆ, ಮೊದಲು ಹಳೆ ಮನೆಯ ಒಳಗಿನ ನಡುಗೋಡೆ ಬಿಚ್ಚುವುದು ಎಂದು ಎಲ್ಲರಿಗೂ ಗೊತ್ತಿತ್ತು, ಗಾರೆ ಕೆಲಸದ ಗವಂಡಿ ಒಬ್ಬನನ್ನು ಬಿಟ್ಟು. ಅವನಿಗೆ ತಿಳಿಸುವ ಕೆಲಸ ನನ್ನದು. ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ. "ಬಯಲಾಗ ಬೂದಿ ಗೆರಿ ಹಾಕೀವಿ. ನೋಡಿದ್ರ ಎಲ್ಲ ತಿಳೀತದ. ನಾ ಬರೂದು ತಡಾ ಆದ್ರ ಸುರು ಮಾಡ್ರಿ." ನೋಡಿ ಮನೆಯ ಹಂಚಿಕೆ ತಿಳಿದುಕೊ ಎಂದು ನನ್ನ ಅರ್ಥ. ಆದರೆ ಗವಂಡಿಯ ಜನ್ಮವೆಲ್ಲ ಹೋದದ್ದು ನೆಲದ ಮೇಲೆ ಬಿಳಿ ಪುಡಿಯ ಗೆರೆ ಕಂಡಲ್ಲಿ ಅಗೆಯುವುದರಲ್ಲಿ.

ಹತ್ತು ಗಂಟೆಗೆ ನಾನು ಬಸ್ಸಿಳಿದು ಓಣಿಗೆ ಬಂದರೆ ಬಯಲಲ್ಲಿ ಗದ್ದಲ. ನಡುವೆ ಸೊಂಟದ ತನಕ ಬುನಾದಿಯೊಳಗೆ ಇಳಿದು ನಿಂತ ಗವಂಡಿ. ರಸ್ತೆಯ ಕಡೆಗೆ ಒಂದು ಚೌಕ, ಒಂದೇ ಒಂದು ಖೋಲಿ, ಆಳು ಹಚ್ಚಿ ನಾಲ್ಕೂ ಕಡೆ ನೆಟ್ಟಗೆ ಅಗೆದು ಹಾಕಿದ್ದಾನೆ, ಬಾಗಿಲ ಜಾಗ ಒಂದನ್ನು ಬಿಟ್ಟು. ಮೂಲೆಯಲ್ಲಿ ಅರಿಷಿಣ ಕುಂಕುಮ ಹಚ್ಚಿದ ಐದು ಕಲ್ಲು, ಒಡೆದ ತೆಂಗಿನಕಾಯಿಯ ಎರಡು ಹೋಳು, ಉರಿದು ಮುಗಿದ ಊದಿನಕಡ್ಡಿ.

"ಇಷ್ಟು ಖೋಲಿ ಇದ್ದಾವ, ಇದೊಂದಽ ಯಾಕ ಅಗದಿ?" ಅಣ್ಣ ಕೂಗುತ್ತಿದ್ದ.

"ಉಳಿದಾವು ಎಲ್ಲಿ ಅದಾವ ತೋರಸ್ರಿ ಮಾಲಕ್! ಬರೇ ತುಳದಾಡಿದ್ದು ಕಂಡ್ತು. ಇದೊಂದಽ ಗೆರಿ ಖಡಕ್ ಇತ್ತು. ಪೂಜಿ ಆಗಿತ್ತು. ಕಾಯಿ ಒಡದಿತ್ತು. ಗುದ್ದಲಿ ಹಾಕ್ದೆ."

"ಕಾಯಿ ಯಾರು ಒಡದ್ರು?"

"ನಾ," ಎಂದರು ಆತ್ಯಾ. ಅವರು ಬಾಗಿಲ ಜಾಗದಲ್ಲಿ ನಿಂತಿದ್ದರು, ತೊಳೆದ ಇಳಕಲ್ ಸೀರೆ ಉಟ್ಟು. "ಕೆಲಸದ ಮಂದಿ ಬಂದಿದ್ರು. ಪೂಜಿ ಇಲ್ದ ಹೆಂಗ ಗುದ್ದಲಿ ಹಾಕೂದು? ನೀವೆಲ್ಲ ಜಳಕಾನೂ ಮಾಡಿರಲಿಲ್ಲ."

ಅಣ್ಣ ಗವಂಡಿಗೆ, "ಮುಚ್ಚು" ಎಂದ. ಗವಂಡಿ ಗುದ್ದಲಿ ಕೆಳಗಿಟ್ಟ. ಕಾಯಿ ಒಡೆದು ಪೂಜೆ ಮಾಡಿದ ಬುನಾದಿಯನ್ನು ನಮ್ಮ ಕಡೆ ಯಾರೂ ಮುಚ್ಚುವುದಿಲ್ಲ. ಮುಚ್ಚಿದವನ ಮನೆ ಏಳುವುದಿಲ್ಲ ಎಂದು ನಂಬಿಕೆ. "ನೂರು ರೂಪಾಯಿ ಹೆಚ್ಚಿಗಿ ಕೊಟ್ರೂ ಒಲ್ಲೆ ಮಾಲಕ್. ಮನ್ಯಾಗ ಸಣ್ಣ ಮಕ್ಕಳು ಅದಾವ. ಬೇಕಾದ್ರ ಬುಟ್ಟಿ ತಗೋರಿ, ನೀವಽ ಮುಚ್ರಿ."

ಅಣ್ಣ ಸಿಟ್ಟಿನಲ್ಲಿ ಬುಟ್ಟಿ ತುಂಬಿ ಮಣ್ಣು ಎತ್ತಿದ. ಬುನಾದಿಯ ಅಂಚಿಗೆ ಹೋಗಿ ನಿಂತ. ಕುಂಕುಮ ನೋಡಿದ, ಕಲ್ಲು ನೋಡಿದ, ಆತ್ಯಾನ ಮುಖ ನೋಡಿದ. ಆಮೇಲೆ ಬುಟ್ಟಿ ಕೆಳಗಿಟ್ಟು ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟ. ಧ್ವನಿ ಸಣ್ಣದಾಗಿತ್ತು. "ಆತ್ಯಾ, ಖೋಲಿ ಬೇಕು ಅಂತ ಒಮ್ಮಿ ಕೇಳಿದ್ರ ನಾ ಕೊಡ್ತಿದ್ದಿಲ್ಲೇನು?"

"ಕೊಡ್ತಿದ್ದಿ," ಎಂದರು ಆತ್ಯಾ. "ನೀ ಕೊಡಾಂವನಽ. ಖರೆ ಕೊಟ್ಟಿದ್ದನ್ನ ಬೀಗರು ಬಂದ ದಿನ ಜರಾ ಬಿಡು ಅಂತಿದ್ದಿ. ಮತ್ತ ಬಿಡ್ತಿದ್ದೆ ನಾ. ಅದಕ್ಕಽ ಕೇಳ್ಲಿಲ್ಲಪ್ಪ."

ಕಿರಿಯ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ಎದ್ದು ಧೂಳು ಕೊಡವಿಕೊಂಡು ಗವಂಡಿಗೆ, "ಕಲ್ಲು ಹಾಕಾಕ ಸುರು ಮಾಡು. ಮೊದ್ಲ ಇದಽ ಮುಗೀಲಿ," ಎಂದ. ಅಷ್ಟಂದು ಜಳಕಕ್ಕೆ ಹೋದ. ಅದೇ ಸಂಜೆ ಬೀಗರಿಗೆ ಅವನೇ ಫೋನ್ ಮಾಡಿ, ನಮ್ಮ ಆತ್ಯಾಗ ಖೋಲಿ ಕಟ್ಟಾಕತ್ತೀವಿ, ನೀವು ಬಂದಾಗ ನಿಮ್ಮ ಖೋಲಿ ಸಾಲದಿದ್ರ ಪಡಸಾಲಿಯೊಳಗ ಆರಾಮ ಮಲಗ್ರಿ ಎಂದನಂತೆ. ಆ ಕಡೆಯಿಂದ, ಅಯ್ಯ, ನಾವು ಚ್ಯಾಷ್ಟಿ ಮಾಡಿದ್ವಿ, ಎಂದು ಬಂತಂತೆ.

ಈ ಪ್ರಸಂಗ ನನ್ನನ್ನು ದೊಡ್ಡ ತತ್ವಜ್ಞಾನಿ ಮಾಡಿತು. ಮುಂದೆ ಎರಡು ತಿಂಗಳು ಆಫೀಸಿಗೆ ಬಂದ ಗಿರಾಕಿಗಳಿಗೆಲ್ಲ ಇದನ್ನೇ ಹೇಳಿದೆ. ಆ ಮನೆಯಲ್ಲಿ ಆರು ಜನ ತಮ್ಮ ತಮ್ಮ ಗೋಡೆಗಳನ್ನು ತಾವೇ ತುಳಿದರು, ಅವು ಅಳಿಸಿ ಹೋದವು. ಒಬ್ಬರು ಮಾತ್ರ ಬೂದಿಯ ಗೆರೆಯನ್ನೂ ಗೋಡೆ ಎಂದು ನಂಬಿದರು, ಅದು ಗೋಡೆಯಾಯಿತು. ಕೇಳಿದವರು ತಲೆದೂಗುತ್ತಿದ್ದರು. ಒಬ್ಬ ಶಿಕ್ಷಕರಂತೂ ಬರೆದುಕೊಂಡು ಹೋದರು.

ಗೋಡೆ ಎದ್ದು ಮೇಲೆ ಸ್ಲ್ಯಾಬು ಬಿದ್ದ ಮೇಲೆ, ಹೊಸ ನಕ್ಷೆಯಲ್ಲಿ ಸೇರಿಸಬೇಕೆಂದು ಆ ಖೋಲಿ ಅಳೆಯಲು ಹೋದೆ. ನಾನು ಹೇಳಿ ಹಾಕಿಸಿದ್ದು ಹತ್ತು ಬೈ ಒಂಬತ್ತು. ಟೇಪು ಹನ್ನೆರಡು ಬೈ ಹನ್ನೊಂದು ಅಂದಿತು. ಇನ್ನೊಮ್ಮೆ ಹಿಡಿದೆ. ಹನ್ನೆರಡು ಬೈ ಹನ್ನೊಂದು.

ಗವಂಡಿಯನ್ನು ತರಾಟೆಗೆ ತೆಗೆದುಕೊಂಡೆ. "ನನ್ನ ಮ್ಯಾಲ ಹಾಕಬ್ಯಾಡ್ರಿ ಸಾಹೇಬ್," ಎಂದ ಅವನು. "ಗೆರಿ ಇದ್ದಲ್ಲೇ ಅಗದೀನಿ. ಹೊಸಾ ಗೆರಿ, ಬೂದಿ ಇನ್ನ ಬೆಚ್ಚಗಿತ್ತು."

ಬೆಚ್ಚಗೆ? ಮೂರು ದಿನದ ಹಿಂದೆ ಹಾಕಿದ ಬೂದಿ ಬೆಚ್ಚಗೆ ಹೇಗಿರುತ್ತದೆ? ಆತ್ಯಾ ತಮ್ಮ ಬಾಗಿಲಲ್ಲಿ ಕೂತು ಮೆಂತೆ ಪಲ್ಯ ಸೋಸುತ್ತಿದ್ದರು.

"ಆತ್ಯಾ, ಆ ಗೆರಿ ನೀವು ಮತ್ತ ಹಾಕಿದ್ರೇನ್ರಿ?"

"ಹಾಕದ ಏನು ಮಾಡ್ಲಿ? ನೀವು ಹಾಕಿದ್ದು ಆ ದಿನಾ ಸಂಜೀಕೇನಽ ಎಮ್ಮಿ ತುಳದು ಸಾಫ್ ಮಾಡಿತ್ತು. ಅದಕ್ಕೆಲ್ಲಿ ಬಾಗಲಾ ತಿಳೀತದ? ಗವಂಡಿ ಬರೂ ದಿನ ಮುಂಜಾನೆ ನೀರೊಲಿ ಬೂದಿ ತಗದು ಜರಡಿ ಹಿಡದೆ."

ನನ್ನ ತತ್ವಜ್ಞಾನ ಅಲ್ಲಿಗೆ ಮುಗಿಯಿತು. ಆ ಶಿಕ್ಷಕರು ಅದನ್ನು ಮಕ್ಕಳಿಗೆ ಹೇಳಿರದಿದ್ದರೆ ಸಾಕು. ನಾನು ಟೇಪು ಸುತ್ತುತ್ತ ಮೆಲ್ಲಗೆ ಕೇಳಿದೆ, "ಅದಿರ್ಲಿ. ಎರಡೆರಡು ಫೂಟ್ ಹೆಚ್ಚಿಗಿ ಹೆಂಗ ಆತ್ರಿ?"

ಆತ್ಯಾ ಒಳಗೆ ಯಾರಾದರೂ ಕೇಳುತ್ತಿದ್ದಾರೆಯೇ ಎಂದು ಒಮ್ಮೆ ಹೊರಳಿ ನೋಡಿದರು. ಆಮೇಲೆ ಮೆಂತೆಯ ಕಡ್ಡಿ ಮುರಿಯುತ್ತ ಅಂದರು:

"ಬೂದಿ ಉಳದಿತ್ರಿ. ಚೆಲ್ಲೂದ್ಯಾಕ ಅಂತ."